ವಸ್ತುವಿಗೆ ಅಡ್ಡಬಿದ್ದವರು ಯಾರು?

ಮನುಷ್ಯ ತಾನೇ ಮಾಡಿದ ವಸ್ತುವಿಗೆ ತನಗಿಲ್ಲದ ಶಕ್ತಿ ಇದೆ ಅಂತ ನಂಬಿ ಅಡ್ಡಬೀಳುವುದನ್ನು ಸಮಾಜಶಾಸ್ತ್ರದ ಪುಸ್ತಕಗಳು ಫೆಟಿಶಿಸಂ ಅನ್ನುತ್ತವೆ. ಪರೀಕ್ಷೆಗೆ ಇಷ್ಟು ಸಾಕು. ನಮಗೆ ಸಾಲದು. ಈ ಹೆಸರನ್ನು ಯಾರು ಯಾರಿಗೆ ಇಟ್ಟರು ಅಂತ ನಾವು ಕೇಳಬೇಕು.

ಪದದ ಬೇರು ಪೋರ್ಚುಗೀಸರ 'ಫೆಯ್ತಿಸೊ', ಅಂದರೆ ಮಾಟದ ವಸ್ತು. ಪಶ್ಚಿಮ ಆಫ್ರಿಕಾದ ಕರಾವಳಿಗೆ ಚಿನ್ನಕ್ಕಾಗಿ ಬಂದ ಅವರು 1482ರಲ್ಲಿ ಎಲ್ಮಿನಾದಲ್ಲಿ ಕೋಟೆ ಕಟ್ಟಿದರು. ಅಲ್ಲಿನ ಜನ ಕಟ್ಟಿಕೊಂಡ ತಾಯತಕ್ಕೂ ಆಣೆಯಿಡುವ ವಸ್ತುವಿಗೂ ಇದೇ ಹೆಸರು ಅಂಟಿತು. 1637ರಲ್ಲಿ ಕೋಟೆ ಡಚ್ಚರ ಪಾಲಾಯ್ತು. ಡಚ್ ಕಂಪನಿಯ ವರ್ತಕ ಬೋಸ್ಮನ್ 1704ರ ತನ್ನ ಪುಸ್ತಕದಲ್ಲಿ ಈ ನಂಬಿಕೆಗಳನ್ನು ಗೇಲಿ ಮಾಡಿದ. ಕೊಂಡ ಗುಲಾಮರ ಎದೆಗೆ ಕಂಪನಿಯ ಮುದ್ರೆ ಕಾಯಿಸಿ ಬರೆ ಹಾಕುವುದನ್ನೂ ಅದೇ ಪುಸ್ತಕದಲ್ಲಿ ಬರೆದ. ವಸ್ತುವಿನಲ್ಲಿ ಜೀವ ಕಂಡವರು ಮೂಢರಂತೆ! ಜೀವವನ್ನೇ ವಸ್ತು ಮಾಡಿ ಮಾರಿದವರು ಬುದ್ಧಿವಂತರಂತೆ!

1760ರಲ್ಲಿ ಫ್ರಾನ್ಸಿನ ಶಾರ್ಲ್ ದ ಬ್ರಾಸ್ ಈ ಗೇಲಿಯನ್ನೇ ಸಿದ್ಧಾಂತ ಮಾಡಿದ. ಫೆಟಿಶಿಸಂ ಧರ್ಮದ ಮೊದಲ ಮೆಟ್ಟಿಲು, ಆಫ್ರಿಕಾದವರು ಇನ್ನೂ ಅಲ್ಲೇ ಇದ್ದಾರೆ ಅಂದ.

1842ರಲ್ಲಿ 24ರ ಹರೆಯದ ಮಾರ್ಕ್ಸ್ ಈ ಪುಸ್ತಕ ಓದಿದ. ಕಾಡಿನಲ್ಲಿ ಬಿದ್ದ ಪುಳ್ಳೆ ಆಯುವ ಬಡವರನ್ನು ಕಳ್ಳರೆನ್ನುವ ಕಾಯಿದೆಯನ್ನು ಜರ್ಮನಿಯ ರೈನ್ ಪ್ರಾಂತ್ಯದ ಸಭೆ ಚರ್ಚಿಸಿತ್ತು. ಮಾರ್ಕ್ಸ್ ಅದೇ ವರ್ಷ ಪತ್ರಿಕೆಯಲ್ಲಿ ಬರೆದದ್ದು ಇದು: ಕ್ಯೂಬಾದ ಮೂಲನಿವಾಸಿಗಳು ಚಿನ್ನವೇ ಸ್ಪೇನಿನವರ ಫೆಟಿಶ್ ಎಂದು ತಿಳಿದು ಅದನ್ನು ಸಮುದ್ರಕ್ಕೆ ಎಸೆದರಂತೆ, ಅವರೇನಾದರೂ ಈ ಸಭೆಗೆ ಬಂದಿದ್ದರೆ ಸೌದೆಯೇ ಇವರ ಫೆಟಿಶ್ ಅಂದುಕೊಳ್ಳುತ್ತಿದ್ದರು. ತೋರಿಸುತ್ತಿದ್ದ ಬೆರಳು ಯಜಮಾನರ ಕಡೆಗೇ ತಿರುಗಿತು.

1867ರ 'ಬಂಡವಾಳ'ದಲ್ಲಿ ಮಾತು ಇನ್ನೂ ಆಳಕ್ಕೆ ಹೋಯಿತು. ಪೇಟೆಯಲ್ಲಿ ಅಂಗಿ ಹಿಡಿದು ಬೆಲೆ ಕೇಳ್ತೀವಿ. ಆ ಬೆಲೆ ಅಂಗಿಯ ಮೈಯಲ್ಲೇ ಹುಟ್ಟಿದ ಗುಣದ ಹಾಗೆ ಕಾಣುತ್ತೆ. ನೂತವಳು, ನೇಯ್ದವನು, ಹೊಲಿದವಳು ಕಾಣೋದಿಲ್ಲ. ದುಡಿಯುವವರ ನಡುವಿನ ಸಂಬಂಧ ವಸ್ತುಗಳ ನಡುವಿನ ಸಂಬಂಧದ ವೇಷ ಹಾಕುತ್ತದೆ. ಇದನ್ನು ತಿಳಿದುಕೊಂಡ ಮಾತ್ರಕ್ಕೆ ವೇಷ ಕಳಚಿ ಬೀಳೋದಿಲ್ಲ. ದುಡಿಮೆ ಸರಕಾಗಿ ಮಾರಾಟವಾಗುವ ವ್ಯವಸ್ಥೆ ಇರೋ ತನಕ ಅದು ಇದ್ದೇ ಇರುತ್ತದೆ.

ಗೆಳೆಯರೇ, ಮೇಷ್ಟ್ರುಗಳೇ, ಈ ಪದವನ್ನು ಪಾಠ ಮಾಡುವಾಗ ಎಲ್ಮಿನಾದ ಕೋಟೆಯನ್ನೂ ಹೇಳಿ. ಒಂದು ಜನಾಂಗವನ್ನೇ ಮೂಢ ಅಂತ ಕರೆದ ಪದ ಎದುರಾದಾಗ, ಕರೆದವನ ಕೈಯಲ್ಲಿ ಏನಿತ್ತು ಅಂತ ಮಕ್ಕಳು ಕೇಳಲಿ. ಇಲ್ಲಿ ಅವನ ಒಂದು ಕೈಯಲ್ಲಿ ಚಿನ್ನದ ತಕ್ಕಡಿ ಇತ್ತು, ಇನ್ನೊಂದರಲ್ಲಿ ಕಾದ ಕಬ್ಬಿಣ.