ಕಿವಿ ಮುರಿದ ಕ್ಯಾಸೆಟ್ಟು

ಸರಸ್ವತಿ ನಗರದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಬೀಸುಕಲ್ಲಿದೆ. ಬಂದವರೆಲ್ಲ, "ಮಿಕ್ಸಿ ಇಟ್ಟುಕೊಂಡು ಇದ್ಯಾಕೆ ಟೀಚರ್?" ಎಂದು ಕೇಳುತ್ತಾರೆ. ನಾನು ನಕ್ಕು ಸುಮ್ಮನಾಗುತ್ತೇನೆ. ಹರಿಹರದ ಅಜ್ಜಿಯ ಮನೆಯಿಂದ ಬಂದ ಆ ಕಲ್ಲಿನ ಹಿಂದೆ ನನ್ನದೊಂದು ತಪ್ಪಿನ ಕತೆಯಿದೆ.

ನಾನು ಹುಟ್ಟಿದ್ದು 1970ರಲ್ಲಿ. ನಮ್ಮ ವಾರಗೆಯ ಹುಡುಗಿಯರಿಗೆ ಹಾಡೆಂದರೆ ಮೊದಲು ರೇಡಿಯೋ. ನಮ್ಮ ಹಿರಿಯರ ಕಾಲಕ್ಕೆ ಅದೂ ಸಲೀಸಾಗಿರಲಿಲ್ಲ. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾಗಿ ಬಂದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಜನರ ಅಭಿರುಚಿ ಕೆಡಿಸುತ್ತದೆಂಬ ಚಿಂತೆ. ಆಕಾಶವಾಣಿಯಲ್ಲಿ ಅದು ಕೇಳದಂತಾಯಿತು. ಜನ ಬಿಡುತ್ತಾರೆಯೇ? ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಕೊನೆಗೆ 1957ರಲ್ಲಿ ಸರಕಾರವೇ ವಿವಿಧ ಭಾರತಿಯನ್ನು ಶುರುಮಾಡಬೇಕಾಯಿತು. 1965ರಲ್ಲಿ ಭದ್ರಾವತಿ ಕೇಂದ್ರ ಬಂದಮೇಲೆ ನಮ್ಮ ಕಡೆಗೆ ಕನ್ನಡದ ಹಾಡೂ ಹತ್ತಿರವಾಯಿತು. ಆದರೆ ರೇಡಿಯೋದ ಹಾಡು ಅವರು ಹಾಕಿದಾಗ ಕೇಳಬೇಕು. ಒಲೆಯ ಮೇಲಿನ ಹಾಲು ನೋಡಿ ಬರುವಷ್ಟರಲ್ಲಿ ಮುಗಿದಿರುತ್ತಿತ್ತು.

ಬೇಕೆಂದಾಗ ಬೇಕಾದ ಹಾಡು ಸಿಕ್ಕಿದ್ದು ಕ್ಯಾಸೆಟ್ಟಿನಿಂದ. ಯುರೋಪಿನಲ್ಲಿ ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲೇ ತಂದಿದ್ದರೂ ನಮ್ಮಂಥವರ ಮನೆಗೆ ಬರುವಾಗ ಎಂಬತ್ತರ ದಶಕವಾಗಿತ್ತು. 1978ರಲ್ಲಿ ಬಂದ, ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ'ದಿಂದ ಭಾವಗೀತೆಗಳ ಕ್ಯಾಸೆಟ್ಟಿನ ಕಾಲ ಮೊದಲಾಯಿತು. ಆಮೇಲೆ ಸಿ. ಅಶ್ವತ್ಥ್ ಅವರ ದನಿಯಲ್ಲಿ ಶಿಶುನಾಳ ಶರೀಫರು ಮನೆಮನೆಗೆ ಬಂದರು. ಮಂಡಿಪೇಟೆಯ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಇವೆಲ್ಲ ಒಪ್ಪಿಗೆ. ಸಿನಿಮಾ ಹಾಡಿಗೆ ಮಾತ್ರ ಮುಖ ಸಿಂಡರಿಸುತ್ತಿದ್ದರು. ನಮ್ಮ ಮನೆಯಲ್ಲೂ ಒಬ್ಬ ಕೇಸ್ಕರ್ ಇದ್ದರೆನ್ನಿ!

1984ರಲ್ಲಿ ನಮ್ಮ ಸೋದರಮಾವ ಟೂ-ಇನ್-ಒನ್ ಕೊಂಡರು. ಅವರು ಮಾಡಿದ ಮೊದಲ ಕೆಲಸ, ಅಜ್ಜಿಯನ್ನು ಕೂರಿಸಿ ಬೀಸುವ ಪದ ಹೇಳಿಸಿ ತುಂಬಿಸಿಕೊಂಡದ್ದು. ಹಿಟ್ಟಿನ ಗಿರಣಿ ಬಂದಮೇಲೆ ಬೀಸುವವರು ಕಡಿಮೆಯಾಗಿದ್ದರು. ಬೀಸುವುದು ನಿಂತರೆ ಪದವೂ ನಿಲ್ಲುತ್ತದೆ. 1931ರಲ್ಲೇ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ತ್ರಿಪದಿಗಳನ್ನು ಕೂಡಿಹಾಕಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದ್ದರು. ಆದರೆ ಪುಸ್ತಕದಲ್ಲಿ ದನಿ ಇರುವುದಿಲ್ಲವಲ್ಲ. ನಮ್ಮ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಅಜ್ಜಿಯ ದನಿಯಿತ್ತು, ಇನ್ನೊಂದು ಬದಿ ಖಾಲಿ. ಅದರ ಮೇಲೆ ಬೇರೇನೂ ತುಂಬದಂತೆ ಮಾವ ಆ ಬದಿಯ ಕಿವಿ ಮುರಿದು ಅಮ್ಮನಿಗೆ ಕೊಟ್ಟರು. 1986ರಲ್ಲಿ ಅಜ್ಜಿ ತೀರಿಕೊಂಡರು.

ಮರುವರ್ಷವೇ 'ಪ್ರೇಮಲೋಕ' ಬಂತು. ನನಗಾಗ ಹದಿನೇಳು, ಪಿಯುಸಿ. ರವಿಚಂದ್ರನ್ ಮೋಟಾರ್ ಬೈಕು, ಹಂಸಲೇಖರ ಪದ ಮತ್ತು ತಾಳ, ಎಸ್.ಪಿ.ಬಿ., ಜಾನಕಿಯವರ ದನಿ. ನಾವು ಕಾಲೇಜಿನಲ್ಲಿ ಆಡುವ ಮಾತೇ ಹಾಡಾಗಿ ಬಂದಂತಿತ್ತು. ಹೊಸ ಕ್ಯಾಸೆಟ್ಟಿಗೆ ದುಡ್ಡಿಲ್ಲ. ಗೆಳತಿಯ ಕ್ಯಾಸೆಟ್ಟನ್ನೂ ಅಮ್ಮನ ಪೆಟ್ಟಿಗೆಯಲ್ಲಿದ್ದ ಕ್ಯಾಸೆಟ್ಟನ್ನೂ ತೆಗೆದುಕೊಂಡು ರೆಕಾರ್ಡಿಂಗ್ ಅಂಗಡಿಗೆ ಹೋದೆ. ಖಾಲಿ ಬದಿಯಲ್ಲಿ ಮಾತ್ರ ತುಂಬಿಸುವುದೆಂದು ನನಗೆ ನಾನೇ ಹೇಳಿಕೊಂಡಿದ್ದೆ.

"ಒಂದು ಬದಿಗೆ ಎಲ್ಲಾ ಹಾಡು ಹಿಡಿಯಲ್ಲಮ್ಮ. ಈ ಬದಿ ಕಿವಿ ಮುರಿದೈತೆ, ಟೇಪ್ ಅಂಟಿಸ್ಲಾ?" ಎಂದರು ಅಂಗಡಿಯವರು.

ಒಂದು ಕ್ಷಣ ಸುಮ್ಮನಿದ್ದೆ. ಆಮೇಲೆ, "ಎರಡೂ ಬದಿ ಮಾಡಿ" ಎಂದೆ.

ಅಜ್ಜಿಯ ವರ್ಷಾಂತಿಕದ ದಿನ ಅಮ್ಮ ಆ ಕ್ಯಾಸೆಟ್ಟು ಹಾಕಿದರು. ಅಮ್ಮ ಬೈಯಲಿಲ್ಲ. ಹಾಡು ಒಂದು ನಿಮಿಷ ಓಡಲು ಬಿಟ್ಟು, ಗುಂಡಿ ಒತ್ತಿ ನಿಲ್ಲಿಸಿ, ಎಡೆಗೆ ಅಡುಗೆ ಮಾಡಲು ಒಳಗೆ ಹೋದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಹತ್ತರಿಂದ ಮೂವತ್ತರೊಳಗಿನ ನೆನಪುಗಳು ಉಳಿದ ವಯಸ್ಸಿನವಕ್ಕಿಂತ ದಟ್ಟವಾಗಿ ಉಳಿಯುತ್ತವೆಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಆ ವಯಸ್ಸಿನಲ್ಲಿ ಕೇಳಿದ ಹಾಡೂ ಹಾಗೆಯೇ. ನನಗದು ಪ್ರೇಮಲೋಕವಾದರೆ, ಅಮ್ಮನಿಗೆ ಅಜ್ಜಿಯ ಬೀಸುವ ಪದ. ನಾನು ಅಳಿಸಿದ್ದು ಅಮ್ಮನ ಹದಿನೇಳನೆಯ ವಯಸ್ಸನ್ನು ಎಂದು ತಿಳಿಯಲು ನನಗೆ ಐವತ್ತಾಗಬೇಕಾಯಿತು.

ಕೆಲವು ವರ್ಷಗಳ ಹಿಂದೆ ಅಮ್ಮನನ್ನು ಕೂರಿಸಿ, ಮೊಬೈಲ್ ಎದುರಿಗಿಟ್ಟು, "ಅಜ್ಜಿಯ ಪದ ಹೇಳಮ್ಮ" ಎಂದೆ. ಎರಡು ಸಾಲು ಹೇಳಿ ನಿಲ್ಲಿಸಿದರು. "ಕೈಯಾಡದಿದ್ರೆ ಪದ ಬರಲ್ಲ ಕಣೆ" ಎಂದರು. ಆಗ ಹರಿಹರದಿಂದ ಈ ಕಲ್ಲು ತರಿಸಿದೆ. ಒಂದು ಹಿಡಿ ರಾಗಿ ಹಾಕಿ, ಗೂಟದ ಮೇಲೆ ಅಮ್ಮನ ಕೈ, ಅದರ ಮೇಲೆ ನನ್ನ ಕೈ. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಮೊದಲ ಪದ ತಾನಾಗಿ ಬಂತು. ಮೂರು ಭಾನುವಾರಗಳಲ್ಲಿ ಇಪ್ಪತ್ತಮೂರು ಪದ ಸಿಕ್ಕವು. ಅವು ಮೊಬೈಲಿನಲ್ಲೂ ಇವೆ, ಶಾಲೆಯ ನೋಟ್‌ಬುಕ್ಕೊಂದರಲ್ಲಿ ನನ್ನ ಕೈಬರಹದಲ್ಲೂ ಇವೆ. ಅಜ್ಜಿಯ ದನಿ ಮಾತ್ರ ಇಲ್ಲ.

ಇಂದಿಗೂ ಆಟೋದಲ್ಲಿ ಪ್ರೇಮಲೋಕದ ಹಾಡು ಬಂದರೆ ನನ್ನ ಕಾಲು ತಾಳ ಹಾಕುತ್ತದೆ. ಅದನ್ನು ಇಷ್ಟಪಡಬಾರದೆಂದು ಎಷ್ಟು ಹೇಳಿಕೊಂಡರೂ ಆಗಲಿಲ್ಲ. ಅಮ್ಮ ಪಕ್ಕದಲ್ಲಿದ್ದರೆ ನನ್ನ ಮುಖ ನೋಡಿ, "ಚೆನ್ನಾಗೈತೆ ಬಿಡು, ಕೇಳು" ಎನ್ನುತ್ತಾರೆ.