ಸಂಗಾತಿಯ ಸುಳಿವೇ ಇಲ್ಲದಿದ್ದಾಗ ವಿಚ್ಛೇದನ: ಕಾನೂನಿನ ದಾರಿ

ಗಂಡ ಅಥವಾ ಹೆಂಡತಿ ಮನೆ ಬಿಟ್ಟು ಹೋಗಿ ಎಲ್ಲಿದ್ದಾರೆಂದೇ ತಿಳಿಯದಿದ್ದರೆ ಏಳು ವರ್ಷ ಕಾಯಲೇಬೇಕು ಎಂಬ ಮಾತು ಸಮಾಜದಲ್ಲಿ ಬಹಳ ಕಾಲದಿಂದ ಇದೆ. ಇದು ಅರ್ಧ ಸತ್ಯ ಮಾತ್ರ. ಜೈನರ ಮದುವೆಗಳಿಗೂ 1955ರ ಹಿಂದೂ ವಿವಾಹ ಕಾಯ್ದೆಯೇ ಅನ್ವಯಿಸುತ್ತದೆ. ಅದರ 2ನೇ ಸೆಕ್ಷನ್ ಬೌದ್ಧ, ಜೈನ, ಸಿಖ್ಖರನ್ನು ಹೆಸರಿಸಿಯೇ ಸೇರಿಸಿದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಇಬ್ಬರೂ ಸಹಿ ಹಾಕಬೇಕಾದ್ದರಿಂದ ಆ ದಾರಿ ಇಲ್ಲಿ ಮುಚ್ಚಿದೆ. ಉಳಿಯುವುದು 13ನೇ ಸೆಕ್ಷನ್. ಹೋದವರು ಹೇಗೆ ಹೋದರು ಎಂಬುದರ ಮೇಲೆ ಅದರ ಯಾವ ಆಧಾರ ಹಿಡಿಯಬೇಕೆಂಬುದು ನಿಂತಿದೆ.

ಬುದ್ಧಿಪೂರ್ವಕವಾಗಿ ಬಿಟ್ಟುಹೋದವರ ವಿಷಯದಲ್ಲಿ ಪರಿತ್ಯಾಗವೇ ಆಧಾರ. ಅರ್ಜಿ ಹಾಕುವ ದಿನಕ್ಕೆ ಹಿಂದಿನ ಎರಡು ವರ್ಷ ಸತತವಾಗಿ ಅವರು ದೂರವಿದ್ದರೆ ಸಾಕು. ಆದರೆ ದೂರವಿದ್ದ ಮಾತ್ರಕ್ಕೆ ಪರಿತ್ಯಾಗ ಆಗುವುದಿಲ್ಲ. ಸಂಸಾರವನ್ನು ಕಡಿದುಕೊಳ್ಳುವ ಉದ್ದೇಶ ಇತ್ತು, ಅದಕ್ಕೆ ಸರಿಯಾದ ಕಾರಣ ಇರಲಿಲ್ಲ, ಮನೆಯಲ್ಲಿ ಉಳಿದವರ ಒಪ್ಪಿಗೆಯೂ ಇರಲಿಲ್ಲ ಎಂದು ತೋರಿಸಬೇಕು. ಬಟ್ಟೆಬರೆ, ದಾಖಲೆಪತ್ರ ಕಟ್ಟಿಕೊಂಡು ಹೋಗಿ, ಒಂದೆರಡು ಬಾರಿ ಬೇರೆ ಊರಿಂದ ಫೋನ್ ಮಾಡಿ ಆಮೇಲೆ ನಂಬರ್ ಬದಲಿಸಿದವರ ಉದ್ದೇಶವನ್ನು ಊಹಿಸುವುದು ಕಷ್ಟವಲ್ಲ. ಮನೋರೋಗದಿಂದ ಅಲೆಯುತ್ತ ಹೋದವರು, ಪ್ರವಾಹದಲ್ಲಿ ಕಾಣೆಯಾದವರು ಬಿಟ್ಟುಹೋದವರಲ್ಲ.

ಅಂಥವರ ವಿಷಯದಲ್ಲಿ ಏಳು ವರ್ಷದ ಮಾತು ಬರುತ್ತದೆ. ಆ ವ್ಯಕ್ತಿ ಬದುಕಿದ್ದರೆ ಸಹಜವಾಗಿ ಸುದ್ದಿ ತಿಳಿಯಬೇಕಾಗಿದ್ದವರಿಗೆ ಏಳು ವರ್ಷ ಏನೂ ತಿಳಿದಿರಬಾರದು ಎನ್ನುತ್ತದೆ ಕಾಯ್ದೆ. ತಂದೆ-ತಾಯಿ, ಒಡಹುಟ್ಟಿದವರು, ಆಪ್ತ ಸ್ನೇಹಿತರು ಎಲ್ಲರೂ ಈ ಲೆಕ್ಕಕ್ಕೆ ಸೇರುತ್ತಾರೆ. ಐದನೇ ವರ್ಷ ಮಗನಿಂದ ಒಂದು ಫೋನ್ ಬಂದದ್ದನ್ನು ಅತ್ತೆ-ಮಾವ ಸೊಸೆಗೆ ಹೇಳದೆ ಇಟ್ಟುಕೊಂಡಿದ್ದರೂ ಎಣಿಕೆ ಅಲ್ಲಿಂದ ಮತ್ತೆ ಶುರುವಾಗುತ್ತದೆ. ಅರ್ಜಿಗೆ ಮೊದಲೇ ಅವರ ಮನೆಗೆ ಹೋಗಿ ನೇರವಾಗಿ ಕೇಳುವುದು ಲೇಸು.

ಜೈನ ಕುಟುಂಬಗಳಲ್ಲಿ ಇನ್ನೊಂದು ಸಾಧ್ಯತೆಯೂ ಇದೆ: ಸಂಗಾತಿ ಮುನಿಸಂಘದೊಂದಿಗೆ ಹೋಗಿ ದೀಕ್ಷೆ ಪಡೆದಿರಬಹುದು. ಸಂಸಾರ ತ್ಯಜಿಸಿ ಧಾರ್ಮಿಕ ಸಂಘವನ್ನು ಪ್ರವೇಶಿಸುವುದು 13ನೇ ಸೆಕ್ಷನ್‌ನಲ್ಲಿ ಪ್ರತ್ಯೇಕ ಆಧಾರ; ಇದಕ್ಕೆ ಎರಡು ಅಥವಾ ಏಳು ವರ್ಷದ ಕಾಯುವಿಕೆ ಇಲ್ಲ. ಆದರೆ ವಿಧಿಪೂರ್ವಕ ದೀಕ್ಷೆಯಾದದ್ದನ್ನು ತೋರಿಸಬೇಕು. ಮನೆಯಲ್ಲೇ ವ್ರತ ಹಿಡಿದದ್ದು, ಕೆಲವು ತಿಂಗಳು ವಿಹಾರದಲ್ಲಿ ಜೊತೆಗೆ ನಡೆದದ್ದು ಸಾಲದು. ದೀಕ್ಷೆಯ ದಿನಾಂಕ, ದೀಕ್ಷಾಗುರುಗಳ ಹೆಸರು, ದೀಕ್ಷೆಯ ನಂತರದ ಹೆಸರು, ಸಮಾರಂಭದ ಆಮಂತ್ರಣ ಪತ್ರಿಕೆ ಇಲ್ಲಿ ಸಾಕ್ಷ್ಯವಾಗುತ್ತವೆ. ಸದಾ ವಿಹಾರದಲ್ಲಿರುವವರಿಗೆ ಸಮನ್ಸ್ ತಲುಪಿಸಲು ಚಾತುರ್ಮಾಸವೇ ಅನುಕೂಲದ ಕಾಲ. ಆ ನಾಲ್ಕು ತಿಂಗಳು ಅವರಿಗೆ ಒಂದು ನಿಶ್ಚಿತ ವಿಳಾಸ ಇರುತ್ತದೆ.

ಅರ್ಜಿಯನ್ನು ಕೌಟುಂಬಿಕ ನ್ಯಾಯಾಲಯದಲ್ಲಿ, ಅದಿಲ್ಲದ ಕಡೆ ವ್ಯಾಪ್ತಿಯ ಸಿವಿಲ್ ನ್ಯಾಯಾಲಯದಲ್ಲಿ ಹಾಕಬೇಕು. ಮದುವೆಯಾದ ಊರು ಅಥವಾ ದಂಪತಿ ಕೊನೆಯದಾಗಿ ಒಟ್ಟಿಗಿದ್ದ ಊರು ಆಗಬಹುದು. 2003ರ ತಿದ್ದುಪಡಿಯ ನಂತರ ಪತ್ನಿ ತಾನು ಈಗ ಇರುವ ಊರಲ್ಲೇ, ಎಂದರೆ ತವರಿನಲ್ಲೂ, ಅರ್ಜಿ ಹಾಕಬಹುದು.

ಇಂಥ ಪ್ರಕರಣಗಳ ಜೀವ ಇರುವುದು ಸಮನ್ಸ್ ಜಾರಿಯಲ್ಲಿ. ವಿಳಾಸ ಗೊತ್ತಿಲ್ಲ ಎಂದು ಬರೆದುಕೊಟ್ಟ ಮಾತ್ರಕ್ಕೆ ನ್ಯಾಯಾಲಯ ಮುಂದೆ ಹೋಗುವುದಿಲ್ಲ. ಕೊನೆಯ ವಿಳಾಸಕ್ಕೆ ಮೊದಲು ಸಮನ್ಸ್ ಹೋಗುತ್ತದೆ. ಅದು ಜಾರಿಯಾಗದೆ ಮರಳಿದ ಮೇಲೆ, ಹುಡುಕಿದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಟ್ಟು, ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 20ನೇ ನಿಯಮದಂತೆ ಪರ್ಯಾಯ ಜಾರಿಗೆ ಕೇಳಬೇಕು. ಆಗ ಕೊನೆಗೆ ವಾಸವಿದ್ದ ಮನೆಗೂ ನ್ಯಾಯಾಲಯದ ಕಟ್ಟಡದಲ್ಲೂ ಸಮನ್ಸ್ ಅಂಟಿಸಬಹುದು, ಅಥವಾ ಆ ಊರಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಲು ನ್ಯಾಯಾಲಯ ಹೇಳಬಹುದು. ಕಾಣೆಯಾದ ಬಗ್ಗೆ ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ, ಅಂಚೆಯಿಂದ ಮರಳಿದ ಲಕೋಟೆ, ಕೆಲಸ ಮಾಡುತ್ತಿದ್ದ ಕಡೆ ವಿಚಾರಿಸಿದ ಪತ್ರ, ಸಂಬಂಧಿಕರಿಗೆ ಕಳಿಸಿದ ಸಂದೇಶ ಎಲ್ಲವನ್ನೂ ಮೊದಲ ದಿನದಿಂದಲೇ ಕೂಡಿಟ್ಟವರಿಗೆ ಈ ಹಂತ ಹಗುರ.

ಎದುರುಪಕ್ಷ ಬಾರದಿದ್ದರೆ ವಿಚಾರಣೆ ಏಕಪಕ್ಷೀಯವಾಗಿ ನಡೆಯುತ್ತದೆ. ಆಗಲೂ ಸಾಕ್ಷ್ಯ ಬೇಕೇ ಬೇಕು. ಯಾರೂ ವಿರೋಧಿಸಲಿಲ್ಲ ಎಂದು ಡಿಕ್ರಿ ತಾನಾಗಿ ಸಿಗದು. ವಿಳಾಸ ಗೊತ್ತಿದ್ದೂ ಹಳೆಯದನ್ನು ಕೊಟ್ಟು ಬೇಗ ಮುಗಿಸಿಕೊಳ್ಳುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಅದು ಅಪಾಯದ ದಾರಿ. ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಲು ಕೇಳುವ ಅವಧಿ 30 ದಿನ. ಪತ್ರಿಕೆಯ ಮೂಲಕ ಸಮನ್ಸ್ ಆಗಿದ್ದಲ್ಲಿ ಆ 30 ದಿನ ಎಣಿಸುವುದು ಡಿಕ್ರಿಯ ದಿನದಿಂದಲ್ಲ, ಎದುರುಪಕ್ಷಕ್ಕೆ ಡಿಕ್ರಿಯ ವಿಷಯ ತಿಳಿದ ದಿನದಿಂದ. ವರ್ಷಗಳ ನಂತರ, ಮರುಮದುವೆಯಾಗಿ ಮಕ್ಕಳಾದ ಮೇಲೂ, ಅರ್ಜಿ ಬರಬಹುದು. ಆಗ ಕಾಪಾಡುವುದು ಪ್ರಾಮಾಣಿಕ ಹುಡುಕಾಟದ ದಾಖಲೆ.

ಏಳು ವರ್ಷ ಕಳೆದವರು ಅರ್ಜಿಗೆ ಮುಂಚೆ ಇನ್ನೊಂದು ವಿಷಯ ಯೋಚಿಸಬೇಕು. ವಿಚ್ಛೇದನ ಪಡೆದ ಮಹಿಳೆ ಆ ಮೇಲೆ ವಿಧವೆಯೆಂದು ಪತಿಯ ಆಸ್ತಿಯಲ್ಲಿ ಪಾಲು ಕೇಳಲಾರಳು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ವಿಧವೆ ಮೊದಲ ವರ್ಗದ ವಾರಸುದಾರಳು. ಆಸ್ತಿ, ವಿಮೆ, ಪಿಂಚಣಿಯೇ ಮುಖ್ಯವಾದರೆ ಪತಿ ಮೃತನೆಂದು ಭಾವಿಸುವ ಘೋಷಣೆಯನ್ನು ಸಿವಿಲ್ ನ್ಯಾಯಾಲಯದಲ್ಲಿ ಕೇಳುವುದು ಸೂಕ್ತ. ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಸೆಕ್ಷನ್ ಇದಕ್ಕೆ ಆಧಾರ. ಕಾನೂನು ಭಾವಿಸುವುದು ಮರಣವನ್ನಷ್ಟೇ, ಮರಣದ ದಿನವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ. ಆದ್ದರಿಂದ ಕಾಣೆಯಾದವರ ವಿಮೆಯ ಕಂತನ್ನು ನಡುವೆ ನಿಲ್ಲಿಸಬಾರದು. ಮರುಮದುವೆಯೇ ಉದ್ದೇಶವಾದರೆ ವಿಚ್ಛೇದನದ ಡಿಕ್ರಿಯೇ ಭದ್ರ. ಮೃತರೆಂದು ಭಾವಿಸಲಾದವರು ಒಂದು ದಿನ ಬಾಗಿಲಿಗೆ ಬಂದು ನಿಂತರೆ ಆ ಭಾವನೆ ಉಳಿಯುವುದಿಲ್ಲ, ಎರಡನೇ ಮದುವೆಯ ಸಿಂಧುತ್ವವೂ ಪ್ರಶ್ನೆಗೆ ಬರುತ್ತದೆ.

ಹಿರಿಯರು ಸೇರಿ ಛಾಪಾ ಕಾಗದದಲ್ಲಿ ಬರೆದುಕೊಟ್ಟ ಬಿಡುಗಡೆ ಪತ್ರವನ್ನು ನಂಬಿ ವಧು-ವರರ ಸಮಾವೇಶದ ಅರ್ಜಿಯಲ್ಲಿ ವಿಚ್ಛೇದಿತರು ಎಂದು ಬರೆಯಬಾರದು. ಆ ಸಮುದಾಯದಲ್ಲಿ ಅಂಥ ರೂಢಿ ಇದೆಯೆಂದು ಸಾಬೀತಾಗದ ಹೊರತು ಆ ಪತ್ರದಿಂದ ಮದುವೆ ಮುರಿಯುವುದಿಲ್ಲ. ಡಿಕ್ರಿ ಬಂದ ಮೇಲೂ ಮೇಲ್ಮನವಿಯ 90 ದಿನ ಕಳೆಯಬೇಕು. ಮೇಲ್ಮನವಿ ಬಂದಿದ್ದರೆ ಅದು ವಜಾ ಆಗುವವರೆಗೂ ಮರುಮದುವೆ ಸಲ್ಲದು.

ವಕೀಲರ ಶುಲ್ಕಕ್ಕೆ ಹೆದರಿ ವರ್ಷಗಟ್ಟಲೆ ಸುಮ್ಮನಿರುವ ಮಹಿಳೆಯರು ಅನೇಕರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸಿಕೊಡುತ್ತಾರೆ.