ರಕ್ತ ಕೊಟ್ಟರೆ ಮೈಯಲ್ಲಿ ರಕ್ತ ಕಮ್ಮಿ ಆಗುತ್ತಾ? ಮಕ್ಕಳಿಗೆ ಕಾಲುವೆ ತೋರಿಸಿ ಹೇಳಿಕೊಡಿ

“ರಕ್ತ ಕೊಟ್ಟರೆ ನಿಶ್ಶಕ್ತಿ ಬರುತ್ತೆ, ಹೋದ ರಕ್ತ ತಿರುಗಿ ಬರಲ್ಲ.” ಮನೆಯಲ್ಲಿ ದೊಡ್ಡವರು ಆಡುವ ಈ ಮಾತು ಮಕ್ಕಳ ಕಿವಿಗೂ ಬೀಳುತ್ತದೆ. ಅದರ ಪರಿಣಾಮ ಕಾಣುವುದು ಹತ್ತು ಹದಿನೈದು ವರ್ಷದ ಮೇಲೆ. ಕುರುಗೋಡಿನಿಂದ ಹೆರಿಗೆಗೋ ಅಪಘಾತವಾಗಿಯೋ ಒಬ್ಬರನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿ, ‘ರಕ್ತ ಬೇಕು’ ಎಂದಾಗ ಜೊತೆಗಿದ್ದ ಗಟ್ಟಿಮುಟ್ಟಾದ ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈ ಹೆದರಿಕೆಯನ್ನು ಶಾಲೆಯ ವಯಸ್ಸಿನಲ್ಲೇ ಬಿಡಿಸಬಹುದು ಎನ್ನುವುದು ನಮ್ಮ ಅಭಿಪ್ರಾಯ. ಅದಕ್ಕೆ ದೊಡ್ಡ ಚಾರ್ಟು ಬೇಡ, ಊರಿನ ಕಾಲುವೆ ಸಾಕು.

ಕುರುಗೋಡು, ಸಿರುಗುಪ್ಪ ಕಡೆಯ ಮಕ್ಕಳಿಗೆ ತುಂಗಭದ್ರಾ ಕಾಲುವೆ ಹೊಸದಲ್ಲ. ಡ್ಯಾಮಿನಿಂದ ದೊಡ್ಡ ಕಾಲುವೆ, ಅದರಿಂದ ಉಪಕಾಲುವೆ, ಆಮೇಲೆ ತೂಬು, ಕೊನೆಗೆ ಹೊಲದ ಸಣ್ಣ ಕಾಲುವೆ. ಹೃದಯದಿಂದ ಹೊರಡುವ ಮಹಾಪಧಮನಿಯೂ ಹೀಗೇ ಕವಲೊಡೆಯುತ್ತಾ ಕೂದಲಿಗಿಂತ ಸಣ್ಣ ಲೋಮನಾಳಗಳಾಗುತ್ತದೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರಲಿಲ್ಲ ಎಂಬ ತಕರಾರು ಪ್ರತಿ ವರ್ಷ ಇದ್ದದ್ದೇ. ಆರೋಗ್ಯವಂತ ದೇಹದಲ್ಲಿ ಕಾಲಿನ ಕಿರುಬೆರಳಿಗೂ ರಕ್ತ ತಪ್ಪದೆ ತಲುಪುತ್ತದೆ.

ಆದರೆ ಒಂದು ವ್ಯತ್ಯಾಸವಿದೆ. ಹೊಲಕ್ಕೆ ಬಿಟ್ಟ ನೀರನ್ನು ನೆಲ ಕುಡಿಯುತ್ತದೆ, ಅದು ಡ್ಯಾಮಿಗೆ ವಾಪಸ್ ಹೋಗುವುದಿಲ್ಲ. ಕ್ರಿ.ಶ. 2ನೇ ಶತಮಾನದ ವೈದ್ಯ ಗ್ಯಾಲೆನ್ ರಕ್ತವೂ ಹೀಗೇ ಎಂದುಕೊಂಡಿದ್ದ: ಊಟದಿಂದ ಯಕೃತ್ತಿನಲ್ಲಿ ರಕ್ತ ಹುಟ್ಟುತ್ತದೆ, ದೇಹ ಅದನ್ನು ಹೀರಿ ಮುಗಿಸುತ್ತದೆ. ಯುರೋಪಿನ ವೈದ್ಯರು ಸಾವಿರದ ನಾನೂರು ವರ್ಷ ಇದನ್ನೇ ನಂಬಿದ್ದರು. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಒಂದು ಸರಳ ಲೆಕ್ಕ ಹಾಕಿ ಅದನ್ನು ಅಲ್ಲಗಳೆದ.

ಅಂಥದ್ದೇ ಲೆಕ್ಕವನ್ನು ಮಕ್ಕಳಿಂದ ಮಾಡಿಸಿ. ಮೊದಲು ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಲಿ. ಮಕ್ಕಳದು ದೊಡ್ಡವರಿಗಿಂತ ಸ್ವಲ್ಪ ಜೋರಾಗಿರುತ್ತದೆ, ಗಾಬರಿ ಬೇಡ. ದೊಡ್ಡವರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿ.ಲೀ. ರಕ್ತ ತಳ್ಳುತ್ತದೆ. ನಿಮಿಷಕ್ಕೆ 72 ಬಡಿತ ಅಂದರೆ 5 ಲೀಟರ್, ಗಂಟೆಗೆ 300 ಲೀಟರ್. ಅಂದರೆ 20 ಲೀಟರಿನ ನೀರಿನ ಕ್ಯಾನು 15! ಅಷ್ಟು ರಕ್ತ ಮಾಡಲು ಗಂಟೆಗೆ ಎಷ್ಟು ರೊಟ್ಟಿ ತಿನ್ನಬೇಕು ಎಂದು ಕೇಳಿ, ಉತ್ತರ ಮಕ್ಕಳೇ ಹೇಳುತ್ತಾರೆ. ಮೈಯಲ್ಲಿರುವುದು ಐದು ಲೀಟರಿನಷ್ಟು ರಕ್ತ, ಅದೇ ಸುತ್ತುತ್ತಿದೆ.

ಹಾಗಾದರೆ ಹೊರಗೆ ಕೊಟ್ಟ ರಕ್ತ? ಅದೂ ತುಂಬಿಕೊಳ್ಳುತ್ತದೆ. ಕೆಂಪು ರಕ್ತಕಣದ ಆಯಸ್ಸೇ ಸುಮಾರು 120 ದಿನ. ನೀವು ದಾನ ಮಾಡಿ, ಬಿಡಿ, ಹಳೆಯವು ಸಾಯುತ್ತವೆ. ಮೂಳೆಯೊಳಗಿನ ಮಜ್ಜೆ ಸೆಕೆಂಡಿಗೆ ಇಪ್ಪತ್ತು ಲಕ್ಷದಷ್ಟು ಹೊಸ ಕಣ ಮಾಡುತ್ತಲೇ ಇರುತ್ತದೆ. ದಾನದಲ್ಲಿ ತೆಗೆಯುವುದು 350 ಇಲ್ಲವೇ 450 ಮಿ.ಲೀ. ಅದರ ನೀರಿನಂಶ ಒಂದೆರಡು ದಿನದಲ್ಲಿ, ಕಣಗಳು ಕೆಲವು ವಾರಗಳಲ್ಲಿ ಭರ್ತಿಯಾಗುತ್ತವೆ. ಅದಕ್ಕೇ ನಿಯಮದ ಪ್ರಕಾರ ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ವಯಸ್ಸು 18 ತುಂಬಿರಬೇಕು, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಬೇಕು. ಮೊದಲು ಬೆರಳಿನ ಒಂದು ಹನಿ ಪರೀಕ್ಷಿಸುತ್ತಾರೆ. ಕಡಿಮೆ ಇದ್ದರೆ ವಾಪಸ್ ಕಳಿಸುತ್ತಾರೆ.

ಆ 12.5 ನಮ್ಮಲ್ಲಿ ಸುಲಭವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5, 15–49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. ಇದಕ್ಕೆ ಫಾರ್ವರ್ಡ್‌ಗಳು ಹೇಳುವ ಮದ್ದು ಬೀಟ್‌ರೂಟ್, ದಾಳಿಂಬೆ. ಬಣ್ಣ ಕೆಂಪು ಎಂದ ಮಾತ್ರಕ್ಕೆ ರಕ್ತ ಆಗುವುದಿಲ್ಲ. ದಾಳಿಂಬೆಯಲ್ಲಿ ಕಬ್ಬಿಣ ತೀರಾ ಕಡಿಮೆ, ನಮ್ಮ ಕಡೆಯ ಸಜ್ಜೆ ರೊಟ್ಟಿಯಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಜೊತೆಗೆ ಸೊಪ್ಪಿನ ಪಲ್ಯ, ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಊಟವಾದ ಕೂಡಲೇ ಚಹಾ ಬೇಡ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆಯನ್ನು (ಚಿಕ್ಕ ತರಗತಿಗೆ ಗುಲಾಬಿ, ದೊಡ್ಡವರಿಗೆ ನೀಲಿ) ಮಕ್ಕಳು ಜೇಬಿನಲ್ಲಿಟ್ಟುಕೊಂಡು ಬಂದು ಎಸೆಯದಂತೆ ನೋಡಿ. ಮಲ ಕಪ್ಪಾದರೆ ಅದು ಗುಳಿಗೆಯ ಕಬ್ಬಿಣ, ರೋಗವಲ್ಲ.

ರಕ್ತ ಕೊಡುವ ವಯಸ್ಸಾಗದಿದ್ದರೂ ಮಕ್ಕಳು ಸಹಾಯ ಮಾಡಬಹುದು. ಬಳ್ಳಾರಿಯ ಬೇಸಿಗೆಯಲ್ಲಿ ಗೆಳೆಯನ ಮೂಗಿನಿಂದ ರಕ್ತ ಬಂತು ಎಂದುಕೊಳ್ಳಿ. ತಲೆ ಹಿಂದಕ್ಕೆ ಬಾಗಿಸಿದರೆ ರಕ್ತ ಗಂಟಲಿಗೆ ಇಳಿಯುತ್ತದೆ. ಕೂರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆ ಭಾಗವನ್ನು 10 ನಿಮಿಷ ಒತ್ತಿ ಹಿಡಿಯಬೇಕು. ನಡುವೆ ಬಿಟ್ಟು ನೋಡಬಾರದು, ಮಕ್ಕಳಿಗೆ ಕಷ್ಟದ ಕೆಲಸ ಇದೇ. ಗಾಯಕ್ಕೆ ಕಾಫಿಪುಡಿ, ಸುಣ್ಣ ಬೇಡ. ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ, ದೊಡ್ಡವರನ್ನು ಕೂಗಿ, 108ಕ್ಕೆ ಕರೆ ಮಾಡಲಿ.

ಇನ್ನೊಂದು ಸಹಾಯ ಮೊಬೈಲಿನಲ್ಲಿದೆ. ‘104ಕ್ಕೆ ಕರೆ ಮಾಡಿದರೆ ರಕ್ತ ಬರುತ್ತದೆ’ ಎಂಬ ಮೆಸೇಜ್ ವರ್ಷಗಳಿಂದ ಸುತ್ತುತ್ತಿದೆ. ಅದು 2014ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ರಾಜ್ಯಕ್ಕಷ್ಟೇ ಆರಂಭಿಸಿದ ಯೋಜನೆ. ಕರ್ನಾಟಕದಲ್ಲಿ 104 ಎನ್ನುವುದು ಆರೋಗ್ಯ ಸಲಹೆಗೆಂದು ತೆರೆದ ಸಹಾಯವಾಣಿ, ರಕ್ತ ತಂದುಕೊಡುವ ನಂಬರಲ್ಲ. ಇದನ್ನು ನಂಬಿ ಕೂತರೆ ತುರ್ತಿನ ಹೊತ್ತಿನಲ್ಲಿ ಸಮಯ ವ್ಯರ್ಥ. ಅದೇ ರೀತಿ ‘ತುರ್ತಾಗಿ ಓ ನೆಗೆಟಿವ್ ಬೇಕು’ ಎಂಬ ಮೆಸೇಜಿನಲ್ಲಿ ತಾರೀಖು, ಆಸ್ಪತ್ರೆಯ ಹೆಸರು ಇದೆಯೇ ಎಂದು ಮಕ್ಕಳೇ ನೋಡಲಿ; ಇಲ್ಲದಿದ್ದರೆ ಮುಂದಕ್ಕೆ ಕಳಿಸುವುದು ಬೇಡ. ಯಾವ ರಕ್ತನಿಧಿಯಲ್ಲಿ ಯಾವ ಗುಂಪಿನ ರಕ್ತ ಎಷ್ಟಿದೆ ಎಂದು ಕೇಂದ್ರ ಸರ್ಕಾರದ ‘ಇ-ರಕ್ತಕೋಶ’ ಪೋರ್ಟಲ್‌ನಲ್ಲಿ ಜಿಲ್ಲೆ ಆರಿಸಿ ನೋಡಬಹುದು. ಹೊರಡುವ ಮೊದಲು ಆ ರಕ್ತನಿಧಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.